ಚರ್ಮದ ಚೂರಿನಲ್ಲಿ ಕ್ಷಯದ ಹುಡುಕಾಟ

ಕ್ಷಯ ಎಂದರೆ ಜನಕ್ಕೆ ನೆನಪಾಗುವುದು ಕೆಮ್ಮು, ಕಫ, ಎದೆಯ ಎಕ್ಸ್‌ರೇ. ಅದೇ ರೋಗಾಣು ಚರ್ಮದಲ್ಲೂ ಬೀಡುಬಿಡುತ್ತದೆ ಎಂದರೆ ಓದಿದವರೂ ನಂಬಲು ಹಿಂಜರಿಯುತ್ತಾರೆ. ಶ್ವಾಸಕೋಶದಾಚೆ ಕಾಣಿಸಿಕೊಳ್ಳುವ ಕ್ಷಯದಲ್ಲಿ ಚರ್ಮದ ಪಾಲು ನೂರಕ್ಕೆ ಒಂದೆರಡು ಅಷ್ಟೇ. ಆದರೆ ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇರುವಾಗ ಆ ಒಂದೆರಡೂ ಸಣ್ಣ ಸಂಖ್ಯೆಯಲ್ಲ. ಈ ರೋಗಿಗಳು ಹುಳುಕಡ್ಡಿ, ನರಹುಲಿ, ನಂಜು ಎಂಬ ಹೆಸರುಗಳಲ್ಲಿ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ಓಡಾಡುತ್ತಾರೆ. ಆರು ತಿಂಗಳ ಮಾತ್ರೆಗೆ ವಾಸಿಯಾಗಬಹುದಾದ ಕಾಯಿಲೆ ಮೂಗನ್ನೋ ಕಿವಿಯನ್ನೋ ತಿಂದುಹಾಕುವವರೆಗೂ ಬೆಳೆಯುತ್ತದೆ. ನನಗೆ ತಡೆಯಲಾರದ ಸಂಕಟವಾಗುವುದು ಇಲ್ಲೇ.

ನಾನು ಮೈಕ್ರೋಬಯಾಲಜಿಯವಳು. ರೋಗಿಯ ಮುಖಕ್ಕಿಂತ ಮೊದಲು ನನ್ನ ಕೈಗೆ ಬರುವುದು ಅವರ ಚರ್ಮದ ಒಂದು ಚೂರು. ರೋಗಾಣುವಿನ ಡಿಎನ್‌ಎಯನ್ನು ಪಿಸಿಆರ್‌ನಿಂದ ಹುಡುಕುವ ಸಿಬಿನಾಟ್, ಟ್ರೂನಾಟ್ ಯಂತ್ರಗಳು ಬಂದ ಮೇಲೆ ಎರಡು ಗಂಟೆಯೊಳಗೆ ಉತ್ತರ ಸಿಗುತ್ತದೆ ಎಂಬ ಭರವಸೆ ಎಲ್ಲ ಆಸ್ಪತ್ರೆಗಳಲ್ಲೂ ಬೇರೂರಿದೆ. ಕಫದ ಮಟ್ಟಿಗೆ ಅದು ಬಹುಪಾಲು ನಿಜ. ಚರ್ಮದ ಮಟ್ಟಿಗೆ ಹೇಳುವುದಾದರೆ, ಮಾದರಿ ಯಂತ್ರದೊಳಗೆ ಹೋಗುವ ಮೊದಲು ಏನೇನು ನಡೆಯಿತು ಎಂಬುದರ ಮೇಲೆಯೇ ಅದು ಕೊಡುವ ಉತ್ತರದ ಬೆಲೆ ನಿಂತಿದೆ. ಚರ್ಮರೋಗ ವಿಭಾಗದ ಪಿಜಿಗಳಿಗೆ, ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ, ನಮ್ಮ ಟೆಕ್ನಿಷಿಯನ್ನರಿಗೆ ನಾನು ಹೇಳುತ್ತ ಬಂದಿರುವುದನ್ನೇ ಇಲ್ಲಿ ಬರೆದಿದ್ದೇನೆ.

1. ಯಾವ ಬಗೆಯ ಕ್ಷಯ ಎಂದು ಮೊದಲು ಊಹಿಸಿ, ಆಮೇಲೆ ಟೆಸ್ಟ್ ಬರೆಯಿರಿ

ಚರ್ಮದ ಕ್ಷಯಕ್ಕೆ ಒಂದೇ ರೂಪವಿಲ್ಲ. ಕುತ್ತಿಗೆಯ ಗಂಟು ಮೆತ್ತಗಾಗಿ, ಮೇಲಿನ ಚರ್ಮ ಒಡೆದು ಕೀವು ಸೋರುವುದು ಸ್ಕ್ರೋಫುಲೋಡರ್ಮಾ. ಹಳ್ಳಿಯಲ್ಲಿ ಗಂಡಮಾಲೆ ಒಡೆದಿದೆ ಎನ್ನುತ್ತಾರೆ. ಇದರಲ್ಲಿ ರೋಗಾಣುಗಳು ಧಾರಾಳವಾಗಿರುತ್ತವೆ. ಲೂಪಸ್ ವಲ್ಗಾರಿಸ್ ಎಂಬುದು ಒಂದು ಕಡೆ ಹರಡುತ್ತ ಇನ್ನೊಂದು ಕಡೆ ಕಲೆಗಟ್ಟುತ್ತ ಹೋಗುವ ಕೆಂಪು ಪಟ್ಟೆ. ಇದರಲ್ಲಿ ದೇಹದ ರಕ್ಷಣಾ ಶಕ್ತಿ ಬಲವಾಗಿ ಕಾದಾಡುತ್ತಿರುವುದರಿಂದ ರೋಗಾಣುಗಳು ಬೆರಳೆಣಿಕೆಯಷ್ಟೇ. ಕಾಲಿನ ಅಡಿಯಲ್ಲೋ ಕೈಮೇಲೋ ದಪ್ಪ ನರಹುಲಿಯಂತೆ ಬೆಳೆಯುವ ವೆರುಕೋಸಾ ಕ್ಷಯದಲ್ಲೂ ಅವು ವಿರಳ. ಮಕ್ಕಳ ಹೊಟ್ಟೆ, ಬೆನ್ನಿನ ಮೇಲೆ ಸಣ್ಣ ಗುಳ್ಳೆಗಳಾಗಿ ಬರುವ ಲೈಕನ್ ಸ್ಕ್ರೋಫುಲೋಸೋರಮ್‌ನಂಥ ಟ್ಯೂಬರ್‌ಕ್ಯುಲಿಡ್‌ಗಳಲ್ಲಿ ಸಾಮಾನ್ಯವಾಗಿ ರೋಗಾಣು ಕಾಣಸಿಗುವುದೇ ಇಲ್ಲ. ದೇಹದೊಳಗೆ ಬೇರೆಲ್ಲೋ ಅಡಗಿರುವ ಕ್ಷಯಕ್ಕೆ ಚರ್ಮ ತೋರುವ ಪ್ರತಿಕ್ರಿಯೆ ಅದು.

ಈಗ ಟೆಸ್ಟ್‌ಗಳ ಶಕ್ತಿಯನ್ನು ಪಕ್ಕದಲ್ಲಿಟ್ಟು ನೋಡಿ. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್‌ನಲ್ಲಿ ಸುಮಾರು 5,000ದಿಂದ 10,000 ರೋಗಾಣು ಬೇಕು. ಸಿಬಿನಾಟ್ ಯಂತ್ರದ ಹಳೆಯ ಎಕ್ಸ್‌ಪರ್ಟ್ ಕಾರ್ಟ್ರಿಜ್‌ಗೆ 130ರ ಆಸುಪಾಸು ಸಾಕು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಅಲ್ಟ್ರಾ ಕಾರ್ಟ್ರಿಜ್‌ಗೆ 16ರಷ್ಟಿದ್ದರೂ ಆದೀತು. ಇವು ಕಫದ ಮೇಲೆ ಅಳೆದ ಅಂಕಿಗಳು, ಚರ್ಮದವಲ್ಲ. ಆದರೂ ಗಂಡಮಾಲೆಯ ಕೀವಿನಿಂದ ಏನನ್ನು ನಿರೀಕ್ಷಿಸಬೇಕು, ಲೂಪಸ್ ಪಟ್ಟೆಯಿಂದ ಏನನ್ನು ನಿರೀಕ್ಷಿಸಬೇಕು ಎಂಬ ಅಂದಾಜು ಇದರಿಂದ ಸಿಗುತ್ತದೆ. ಆ ಅಂದಾಜಿಲ್ಲದೆ ಬರೆದ ಟೆಸ್ಟ್‌ನ ರಿಪೋರ್ಟ್ ಓದಲು ಬರುವುದಿಲ್ಲ.

2. ಬಾಟಲಿ ಎರಡಿರಲಿ

ಬಯಾಪ್ಸಿ ತೆಗೆದ ಕೂಡಲೇ ಚೂರನ್ನು ಫಾರ್ಮಲಿನ್‌ಗೆ ಹಾಕುವುದು ನಮ್ಮ ಆಸ್ಪತ್ರೆಗಳಲ್ಲಿ ಕೈಗೆ ಕೂತುಬಿಟ್ಟಿರುವ ಅಭ್ಯಾಸ. ಪೆಥಾಲಜಿಗೆ ಅದು ಬೇಕೇ ಬೇಕು. ನಮಗೆ ಅದರಿಂದ ಎರಡು ನಷ್ಟ. ಫಾರ್ಮಲಿನ್ ರೋಗಾಣುವನ್ನು ಕೊಲ್ಲುವುದರಿಂದ ಅದನ್ನು ಬೆಳೆಸಿ ನೋಡುವ ಕಲ್ಚರ್‌ನ ಆಸೆ ಅಲ್ಲಿಗೇ ಮುಗಿಯಿತು. ಜೊತೆಗೆ ಅದು ಪ್ರೋಟೀನು, ಡಿಎನ್‌ಎಗಳನ್ನು ಒಂದಕ್ಕೊಂದು ಅಂಟಿಸಿ, ಡಿಎನ್‌ಎ ಎಳೆಯನ್ನು ತುಂಡುತುಂಡಾಗಿಸುತ್ತದೆ. ಮೊದಲೇ ಬೆರಳೆಣಿಕೆಯಷ್ಟಿರುವ ರೋಗಾಣುಗಳ ಡಿಎನ್‌ಎ ಚೂರಾದರೆ ಯಂತ್ರ ಹಿಡಿಯುವುದಾದರೂ ಏನನ್ನು?

ಆದ್ದರಿಂದ ಎರಡು ಪಂಚ್ ಬಯಾಪ್ಸಿ ತೆಗೆಯಿರಿ. ಒಂದು ಫಾರ್ಮಲಿನ್‌ಗೆ, ಇನ್ನೊಂದು ಸ್ಟೆರೈಲ್ ಸಲೈನ್‌ಗೆ. ಸಲೈನ್ ಚೂರನ್ನು ಒದ್ದೆಯಾಗಿಡುವಷ್ಟಿದ್ದರೆ ಸಾಕು. ಬಾಟಲಿ ತುಂಬಿಸಿದರೆ ಮಾದರಿ ತೆಳುವಾಗಿ ಕೈಗೆ ಸಿಗಬೇಕಾದದ್ದೂ ಸಿಗುವುದಿಲ್ಲ. ಅದೇ ದಿನ ಲ್ಯಾಬಿಗೆ ತಲುಪಲಿ. ಆಗದಿದ್ದರೆ ಫ್ರಿಜ್ಜಿನಲ್ಲಿಡಿ, ಫ್ರೀಜರ್‌ನಲ್ಲಲ್ಲ. ಬಾಟಲಿಯ ಮೇಲೆ 'ಸಲೈನ್' ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಎರಡೂ ಬಾಟಲಿಗಳಲ್ಲಿರುವುದು ನೋಡಲು ನೀರಿನಂಥದ್ದೇ. ಡ್ಯೂಟಿ ಬದಲಾಗುವ ಹೊತ್ತಿನಲ್ಲಿ ಯಾರೋ ಒಳ್ಳೆಯ ಮನಸ್ಸಿನಿಂದಲೇ 'ಫಾರ್ಮಲಿನ್ ಹಾಕಿಲ್ಲವಲ್ಲ' ಎಂದು ಸುರಿದುಬಿಡುತ್ತಾರೆ.

ಪೆಥಾಲಜಿಯ ಹಳೆಯ ಪ್ಯಾರಾಫಿನ್ ಬ್ಲಾಕ್ ಬಿಟ್ಟು ಬೇರೇನೂ ಉಳಿದಿಲ್ಲ ಎಂದಾಗ ಅದರಿಂದಲೂ ಪಿಸಿಆರ್ ಮಾಡಬಹುದು. ಡಿಎನ್‌ಎಯ ಚಿಕ್ಕ ತುಣುಕನ್ನು ಹುಡುಕುವ ಪಿಸಿಆರ್ ಅಲ್ಲಿ ವಾಸಿ. ಆದರೆ ಅದು ಕೊನೆಯ ದಾರಿ.

3. ಹುಣ್ಣಿನ ಮೇಲ್ಮೈ ಒರೆಸಿ ಕಳಿಸಬೇಡಿ

ಒಬ್ಬ ಹುಡುಗನ ನೆನಪು ಬರುತ್ತದೆ. ಪ್ರೈಮರಿ ಶಾಲೆಯ ವಯಸ್ಸು. ಕಿವಿಯ ಕೆಳಗೆ ಕುತ್ತಿಗೆಯಲ್ಲಿ ನೀಲಿಗಟ್ಟಿದ ಅಂಚಿನ ಹುಣ್ಣು, ಸುತ್ತ ಹಳದಿ ಹಕ್ಕಳೆ. ಬೇರೆ ಕಡೆಯಿಂದ ಎರಡು ಸಲ ಹತ್ತಿಯ ಸ್ವಾಬ್ ಲ್ಯಾಬಿಗೆ ಹೋಗಿತ್ತು, ಎರಡೂ ಸಲ ಕ್ಷಯ ಇಲ್ಲ ಎಂದು ಬಂದಿತ್ತು. ಸ್ವಾಬಿನಲ್ಲಿ ಬೆಳೆದದ್ದು ಚರ್ಮದ ಮೇಲಿನ ಮಾಮೂಲಿ ಬ್ಯಾಕ್ಟೀರಿಯಾ, ಅದಕ್ಕೆ ತಕ್ಕ ಆ್ಯಂಟಿಬಯಾಟಿಕ್‌ಗಳನ್ನೂ ಕೊಟ್ಟಿದ್ದರು. ನಮ್ಮ ಚರ್ಮರೋಗ ವಿಭಾಗದವರು ಹುಣ್ಣನ್ನು ಬಿಟ್ಟು ಅದರ ಕೆಳಗಿನ ಗಂಟನ್ನು ಬೆರಳಲ್ಲಿ ಹಿಡಿದರು. ಪಕ್ಕದ ಆರೋಗ್ಯವಾಗಿದ್ದ ಚರ್ಮದ ಮೂಲಕ ಸೂಜಿ ಒಳಗಿಟ್ಟು ಎಳೆದರು. ಸಿರಿಂಜಿನಲ್ಲಿ ಬಂದದ್ದು ಗಿಣ್ಣಿನಂಥ ಮಂದ ಕೀವು. ಅವತ್ತೇ ಮಧ್ಯಾಹ್ನ ಸಿಬಿನಾಟ್ ಪಾಸಿಟಿವ್, ರಿಫಾಂಪಿಸಿನ್ ಔಷಧಿಗೆ ಬಗ್ಗುವ ರೋಗಾಣು.

ಹತ್ತಿ ರೋಗಾಣುಗಳನ್ನು ತನ್ನ ಎಳೆಗಳಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟುಕೊಡುವುದು ಕಡಿಮೆ. ಹುಣ್ಣಿನ ಮೇಲ್ಮೈಯಲ್ಲಿರುವುದು ಬಹುಪಾಲು ಕೊಳೆತ ಅಂಗಾಂಶ ಮತ್ತು ಬೇರೆ ಸೂಕ್ಷ್ಮಜೀವಿಗಳು. ಗಂಟಿನ ಒಳಗಿನ ಕೀವು ಅಥವಾ ಹುಣ್ಣಿನ ಅಂಚಿನ ಚೂರು ನಮಗೆ ಬೇಕು. ಲೂಪಸ್ ಪಟ್ಟೆಯಾದರೆ ಕಲೆಗಟ್ಟಿದ ನಡುಭಾಗ ಬಿಟ್ಟು ಹರಡುತ್ತಿರುವ ಅಂಚಿನಿಂದ ತೆಗೆಯಿರಿ. ನರಹುಲಿಯಂಥದ್ದಾದರೆ ಮೇಲಿನ ದಪ್ಪ ಸಿಪ್ಪೆಯನ್ನಷ್ಟೇ ಕೆತ್ತಿ ಕಳಿಸಿದರೆ ಅದರಲ್ಲಿ ಏನೂ ಇರುವುದಿಲ್ಲ. ಕೆಳಗಿನ ಡರ್ಮಿಸ್ ಬರುವಷ್ಟು ಆಳಕ್ಕೆ ಇಳಿಯಲೇಬೇಕು.

4. ಅರೆಯುವ ಕೆಲಸಕ್ಕೆ ಮರ್ಯಾದೆ ಕೊಡಿ

4 ಮಿಲಿಮೀಟರ್ ಪಂಚ್ ಎಂದರೆ ಹೆಚ್ಚುಕಡಿಮೆ ಮೆಣಸಿನ ಕಾಳಿನಷ್ಟು ಚೂರು. ಕಫ ದ್ರವ, ಚರ್ಮ ನಾರು. ಸ್ಟೆರೈಲ್ ಕತ್ತರಿಯಿಂದ ಪೆಟ್ರಿ ತಟ್ಟೆಯಲ್ಲಿ ಸಾಧ್ಯವಾದಷ್ಟು ಸಣ್ಣಗೆ ಹೆಚ್ಚಿ, ಸ್ವಲ್ಪವೇ ಬಫರ್ ಹಾಕಿ, ಟಿಶ್ಯೂ ಗ್ರೈಂಡರ್‌ನಲ್ಲಿ ಬಿಳಿಯ ಎಳೆಗಳು ಕರಗಿ ದ್ರವ ಮಬ್ಬಾಗುವವರೆಗೆ ಅರೆಯಬೇಕು. ಕೈ ಸೋಲುತ್ತದೆ. ಅರ್ಧಕ್ಕೇ ಬಿಟ್ಟರೆ ರೋಗಾಣು ನಾರಿನೊಳಗೇ ಉಳಿದು, ಮೇಲಿನ ತಿಳಿನೀರಷ್ಟೇ ಕಾರ್ಟ್ರಿಜ್‌ಗೆ ಹೋಗುತ್ತದೆ. ಅರೆದದ್ದಕ್ಕೆ ಎರಡು ಪಟ್ಟು ಸ್ಯಾಂಪಲ್ ರಿಯೇಜೆಂಟ್ ಸೇರಿಸಿ ಬಲವಾಗಿ ಅಲುಗಿಸಿ, ಕಾಯಬೇಕಾದಷ್ಟು ನಿಮಿಷ ಕಾಯಬೇಕು; ನಡುವೆ ಇನ್ನೊಮ್ಮೆ ಅಲುಗಿಸಬೇಕು. ಚೂರು ಉಳಿದಿದ್ದರೆ ಕಾರ್ಟ್ರಿಜ್‌ನ ಸಣ್ಣ ದಾರಿಗಳಲ್ಲಿ ಕಟ್ಟಿಕೊಂಡು ಯಂತ್ರ ಎರರ್ ತೋರಿಸುತ್ತದೆ.

ದ್ರವ ಕೆಂಪಗಿದ್ದರೆ ಎಚ್ಚರ. ರಕ್ತದ ಹೀಮ್ ಪಿಸಿಆರ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಅದೇ ಕೆಲಸ ಮಾಡುತ್ತದೆ. ಚೂರನ್ನು ಅರೆಯುವ ಮೊದಲು ಸಲೈನ್‌ನಲ್ಲಿ ಒಮ್ಮೆ ಮೆಲ್ಲಗೆ ಅದ್ದಿ ತೆಗೆಯುವುದು ಒಳ್ಳೆಯದು.

ಅರೆಯುವಾಗ ಕಣ್ಣಿಗೆ ಕಾಣದ ಹನಿಗಳು ಗಾಳಿಗೆ ಏಳುತ್ತವೆ. ಬಯೋಸೇಫ್ಟಿ ಕ್ಯಾಬಿನೆಟ್ಟಿನೊಳಗೆ, ಎನ್95 ಮಾಸ್ಕ್ ಹಾಕಿಕೊಂಡೇ ಈ ಕೆಲಸ. ರಿಪೋರ್ಟಿನ ಮೇಲೆ ಸಹಿ ಮಾಡುವುದು ನಾವು, ಉಸಿರನ್ನು ಅಪಾಯಕ್ಕೊಡ್ಡುವುದು ಟೆಕ್ನಿಷಿಯನ್. ಸಂಬಳ, ಗೌರವ ಎರಡರಲ್ಲೂ ಅವರಿಗೆ ಸಲ್ಲಬೇಕಾದ್ದು ಸಲ್ಲುತ್ತಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

5. ನಿಮ್ಮ ಯಂತ್ರ ಏನನ್ನು ಹುಡುಕುತ್ತದೆ ಎಂದು ತಿಳಿದಿರಲಿ

ಪಿಸಿಆರ್ ಪಾಸಿಟಿವ್, ಪಿಸಿಆರ್ ನೆಗೆಟಿವ್ ಎಂದಷ್ಟೇ ಬರೆದ ರಿಪೋರ್ಟ್ ನೋಡಿದರೆ ನನ್ನ ಮೊದಲ ಪ್ರಶ್ನೆ, ಯಾವ ಜೀನ್? ಹಳೆಯ ಎಕ್ಸ್‌ಪರ್ಟ್ ನೋಡುವುದು ಆರ್‌ಪಿಒಬಿ ಜೀನಿನ 81 ಅಕ್ಷರಗಳ ಒಂದು ತುಣುಕನ್ನು. ರಿಫಾಂಪಿಸಿನ್ ಔಷಧಿ ಕಚ್ಚಿಕೊಳ್ಳುವ ಜಾಗ ಅಲ್ಲಿರುವುದರಿಂದ ರೋಗಾಣು ಇದೆಯೇ, ಔಷಧಿಗೆ ಬಗ್ಗುತ್ತದೆಯೇ ಎಂಬ ಎರಡೂ ಪ್ರಶ್ನೆಗೆ ಒಟ್ಟಿಗೆ ಉತ್ತರ ಸಿಗುತ್ತದೆ. ಆದರೆ ಒಂದು ರೋಗಾಣುವಿನಲ್ಲಿ ಈ ಜೀನ್ ಇರುವುದು ಒಂದೇ ಪ್ರತಿ.

ಐಎಸ್6110 ಎಂಬ ತುಣುಕು ಹಾಗಲ್ಲ. ಅನೇಕ ತಳಿಗಳಲ್ಲಿ ಅದರ ಹತ್ತಾರು ಪ್ರತಿಗಳಿರುತ್ತವೆ. ಒಂದೇ ರೋಗಾಣು ಸಿಕ್ಕರೂ ಹಿಡಿಯಲು ಹತ್ತು ಹಿಡಿಕೆ. ಬಹಳಷ್ಟು ಲ್ಯಾಬ್‌ಗಳು ತಾವೇ ಕಟ್ಟಿಕೊಂಡ ಪಿಸಿಆರ್‌ಗೆ ಅದನ್ನೇ ಗುರಿಯಾಗಿಟ್ಟುಕೊಂಡದ್ದು ಈ ಕಾರಣಕ್ಕೆ. ದಕ್ಷಿಣ ಭಾರತದ ನಾವು ಇಲ್ಲಿ ಒಂದು ವಿಷಯವನ್ನು ಮರೆಯಬಾರದು. ನಮ್ಮ ಕಡೆ ಹೆಚ್ಚು ಓಡಾಡುವ ಪ್ರಾಚೀನ ತಳಿಗಳಲ್ಲಿ ಐಎಸ್6110 ಒಂದೇ ಪ್ರತಿ ಇರುವವು ಬಹಳ, ಒಂದೂ ಇಲ್ಲದವೂ ಇವೆ. ತಮಿಳುನಾಡಿನ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ತೋರಿಸಿವೆ. ಯುರೋಪಿನಲ್ಲಿ ಅದ್ಭುತವಾಗಿ ನಡೆದ ಟೆಸ್ಟ್ ನಮ್ಮಲ್ಲಿ ಎಡವಲು ಇಷ್ಟು ಸಾಕು. ಅಲ್ಟ್ರಾ ಕಾರ್ಟ್ರಿಜ್‌ನಲ್ಲಿ ಐಎಸ್6110 ಜೊತೆಗೆ ಐಎಸ್1081 ಎಂಬ ಇನ್ನೊಂದು ಬಹುಪ್ರತಿ ತುಣುಕನ್ನೂ ಸೇರಿಸಿರುವುದು ನಮ್ಮ ರೋಗಿಗಳಿಗೆ ನಿಜವಾದ ಲಾಭ. ಗೋವಾದ ಮೋಲ್‌ಬಯೋ ಕಂಪನಿಯ ಟ್ರೂನಾಟ್ ಪ್ಲಸ್ ಚಿಪ್‌ನಲ್ಲೂ ಎನ್‌ಆರ್‌ಡಿಝಡ್ ಎಂಬ ಬೇರೆ ಜೀನ್ ಜೊತೆಗಿದೆ. ಟ್ರೂನಾಟ್ ಬ್ಯಾಟರಿಯಲ್ಲಿ ನಡೆಯುತ್ತದೆ. ಕರೆಂಟು ಕೈಕೊಡುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಬಲ್ಲದು. ಅದರಲ್ಲಿ ರಿಫಾಂಪಿಸಿನ್‌ಗೆ ಎರಡನೆಯ ಚಿಪ್ ಬೇಕು, ಪಾಸಿಟಿವ್ ಬಂದ ಮೇಲೆ ಅದನ್ನು ಓಡಿಸಲು ಮರೆಯಬಾರದು.

6. ರಿಪೋರ್ಟನ್ನು ಕೊನೆಯ ಸಾಲಿನವರೆಗೂ ಓದಿ

'ಇನ್‌ವ್ಯಾಲಿಡ್' ಎಂದರೆ ನೆಗೆಟಿವ್ ಅಲ್ಲ. ಕಾರ್ಟ್ರಿಜ್‌ನೊಳಗೆ ತಪಾಸಣೆಗೆಂದೇ ಇಟ್ಟಿರುವ ನಿರುಪದ್ರವಿ ಬ್ಯಾಸಿಲಸ್‌ನ ಬೀಜಾಣುಗಳೇ ಪತ್ತೆಯಾಗಲಿಲ್ಲ, ಅಂದರೆ ಪಿಸಿಆರ್ ನಡೆಯಲೇ ಇಲ್ಲ ಎಂದರ್ಥ. 'ಎರರ್' ಬಂದರೂ ಅಷ್ಟೇ. ಉಳಿಸಿಟ್ಟ ಮಾದರಿಯಿಂದ ಮತ್ತೆ ಮಾಡಬೇಕು. ಅರೆದ ದ್ರವವನ್ನೆಲ್ಲ ಒಂದೇ ಸಲಕ್ಕೆ ಖಾಲಿ ಮಾಡಬಾರದು ಎನ್ನುವುದು ಇದಕ್ಕೇ.

ಅಲ್ಟ್ರಾದಲ್ಲಿ 'ಟ್ರೇಸ್' ಎಂದು ಬಂದರೆ ಬಹುಪ್ರತಿ ತುಣುಕು ಸಿಕ್ಕಿದೆ, ಆರ್‌ಪಿಒಬಿ ಸಿಕ್ಕಿಲ್ಲ ಎಂದರ್ಥ. ಹಿಂದೆ ಕ್ಷಯವಾಗಿದ್ದ ವಯಸ್ಕರ ಕಫದಲ್ಲಿ ಇದನ್ನು ಅನುಮಾನದಿಂದ ನೋಡಬೇಕು. ಶ್ವಾಸಕೋಶದಾಚೆಯ ಮಾದರಿಗಳಲ್ಲಿ ಇದನ್ನು ಪಾಸಿಟಿವ್ ಎಂದೇ ಪರಿಗಣಿಸಲು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಚರ್ಮದ ಚೂರಿನಲ್ಲಿ ನಮಗೆ ಸಿಗುವ ಪಾಸಿಟಿವ್‌ಗಳಲ್ಲಿ ಟ್ರೇಸ್ ಬರುವುದು ಅಪರೂಪವೇನಲ್ಲ. ಅದರಲ್ಲಿ ಔಷಧಿ ಬಗ್ಗುವಿಕೆಯ ಉತ್ತರ ಇರುವುದಿಲ್ಲ, ಅದಕ್ಕೆ ಕಲ್ಚರ್ ಬೇಕು.

7. 'ಕಂಡುಬಂದಿಲ್ಲ' ಎಂಬುದಕ್ಕೆ 'ರೋಗವಿಲ್ಲ' ಎಂಬ ಅರ್ಥ ಹಚ್ಚಬೇಡಿ

ಹೊಲದಲ್ಲಿ ಕೂಲಿ ಮಾಡುವ ಹೆಂಗಸೊಬ್ಬರಿಗೆ ಸೊಂಟದ ಕೆಳಗೆ ಪೃಷ್ಠದ ಮೇಲೆ ಅಂಗೈಯಗಲದ ಪಟ್ಟೆ. ನಾಚಿಕೆಯಿಂದ ಯಾರಿಗೂ ತೋರಿಸಿರಲಿಲ್ಲ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬುಗಳೇ ಔಷಧಿ. 'ಎಲ್ರೂ ಹುಳುಕಡ್ಡಿ ಅಂದ್ರು ಮೇಡಂ, ಹಚ್ಚಿದಾಗ ತುರಿಕೆ ಕಮ್ಮಿ ಆಗ್ತಿತ್ತು' ಎಂದರು. ಆ ಟ್ಯೂಬುಗಳಲ್ಲಿದ್ದದ್ದು ಸ್ಟೆರಾಯ್ಡ್. ಪಶ್ಚಿಮದ ಪುಸ್ತಕಗಳಲ್ಲಿ ಲೂಪಸ್ ವಲ್ಗಾರಿಸ್ ಎಂದರೆ ಮುಖದ ಚಿತ್ರವೇ ಇರುತ್ತದೆ. ನಮ್ಮಲ್ಲಿ ಪೃಷ್ಠ, ತೊಡೆ, ಕಾಲುಗಳಲ್ಲೂ ಅದು ಸಾಕಷ್ಟು ಕಾಣುತ್ತದೆ. ಗಾಜಿನ ಸ್ಲೈಡ್ ಒತ್ತಿದಾಗ ಮೂಡುವ ಹಳದಿಗಂದು ಚುಕ್ಕೆಗಳೂ ನಮ್ಮ ಮೈಬಣ್ಣದಲ್ಲಿ ಅಷ್ಟು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ಹೀಗಾಗಿ ಬಟ್ಟೆ ಸರಿಸಿ, ಒಳ್ಳೆಯ ಬೆಳಕಿನಲ್ಲಿ ನೋಡಬೇಕು.

ಆ ಕೂಲಿ ಹೆಂಗಸಿನ ಬಯಾಪ್ಸಿಯಲ್ಲಿ ಸಿಬಿನಾಟ್ 'ಕಂಡುಬಂದಿಲ್ಲ' ಎಂದಿತು. ಕಲ್ಚರ್ ದ್ರವ ಮಾಧ್ಯಮದಲ್ಲಿ 42 ದಿನ ಕಾದರೂ ಬೆಳೆಯಲಿಲ್ಲ. ಆದರೆ ಪೆಥಾಲಜಿಯಲ್ಲಿ ಎಪಿಥೆಲಿಯಾಯ್ಡ್ ಕೋಶಗಳ ಗ್ರ್ಯಾನುಲೋಮಾಗಳು ಸ್ಪಷ್ಟವಾಗಿದ್ದವು. ಮಾಂಟೂ ಟೆಸ್ಟ್‌ನ ಜಾಗ ಉಬ್ಬಿ ಗುಳ್ಳೆಯೆದ್ದಿತ್ತು. ಫಂಗಸ್ ಹುಡುಕಲು ಹಾಕಿದ ಬಣ್ಣಗಳಲ್ಲಿ ಏನೂ ಕಾಣಲಿಲ್ಲ, ಪಟ್ಟೆಯಲ್ಲಿ ಸ್ಪರ್ಶ ಚೆನ್ನಾಗಿತ್ತು, ಅಂದರೆ ಕುಷ್ಠದ ಲಕ್ಷಣವಿರಲಿಲ್ಲ. ಚರ್ಮರೋಗದವರು, ಪೆಥಾಲಜಿಯವರು, ನಾನು ಒಟ್ಟಿಗೆ ಕೂತು ಕ್ಷಯದ ಚಿಕಿತ್ಸೆ ಶುರುಮಾಡುವುದೆಂದು ತೀರ್ಮಾನಿಸಿದೆವು. ಚರ್ಮದ ಕ್ಷಯವಾದರೆ ನಾಲ್ಕರಿಂದ ಆರು ವಾರದೊಳಗೆ ಚಪ್ಪಟೆಯಾಗುವ ಲಕ್ಷಣ ಕಾಣಬೇಕು. ಕಂಡಿತು. ಆರು ತಿಂಗಳಿಗೆ ಉಳಿದದ್ದು ತೆಳುವಾದ ಕಲೆ ಮಾತ್ರ.

ಒಂದು ಅಪಾಯವನ್ನೂ ಹೇಳಬೇಕು. ಯಂತ್ರ ಇಲ್ಲವೆಂದರೂ ಕ್ಷಯವಿರಬಹುದು ಎಂಬ ಮಾತನ್ನೇ ಹಿಡಿದುಕೊಂಡು ಗುಣವಾಗದ ಪ್ರತಿಯೊಂದು ಹುಣ್ಣಿಗೂ ಕ್ಷಯದ ಮಾತ್ರೆ ಕೊಟ್ಟು ನೋಡೋಣ ಎನ್ನುವವರಿದ್ದಾರೆ. ಮಾಂಟೂ ಒಂದನ್ನೇ ನಂಬುವಂತಿಲ್ಲ. ನಮ್ಮ ಜನರಲ್ಲಿ ಎಷ್ಟೋ ಮಂದಿಗೆ ರೋಗವಿಲ್ಲದೆಯೂ ಅದು ಪಾಸಿಟಿವ್. ಬಯಾಪ್ಸಿಯಿಲ್ಲದೆ, ಬೇರೆ ಕಾರಣಗಳನ್ನು ತಳ್ಳಿಹಾಕದೆ ಶುರುಮಾಡಿದ ಚಿಕಿತ್ಸೆ ಯಕೃತ್ತಿಗೆ ಹೊರೆ. ಆರು ವಾರದಲ್ಲಿ ಏನೂ ಬದಲಾಗದಿದ್ದರೆ ಮಾತ್ರೆ ಮುಂದುವರಿಸುವ ಬದಲು ಮತ್ತೆ ಬಯಾಪ್ಸಿ ಮಾಡಿ.

8. ಕೆಂಪು ಕಡ್ಡಿಗಳು ಕಂಡು, ಯಂತ್ರ ಇಲ್ಲವೆಂದರೆ

ಸ್ಲೈಡಿನಲ್ಲಿ ಆಸಿಡ್‌ಗೆ ಮಣಿಯದ ಕೆಂಪು ಕಡ್ಡಿಗಳು ಧಾರಾಳ, ಸಿಬಿನಾಟ್ ಮಾತ್ರ ನೆಗೆಟಿವ್. ಯಂತ್ರ ಕೆಟ್ಟಿದೆ ಎಂದುಕೊಳ್ಳುವ ಮೊದಲು ರೋಗಾಣು ಬೇರೆಯದಿರಬಹುದು ಎಂದು ಯೋಚಿಸಿ.

ಕುಷ್ಠ ಮೊದಲು ನೆನಪಾಗಬೇಕು. ಹತ್ತಿಯ ಎಳೆಯಿಂದ ಸ್ಪರ್ಶ ನೋಡಿ, ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಮುಟ್ಟಿ ನೋಡಿ. ಯಾವ ಕಾರ್ಟ್ರಿಜ್ ಕೂಡ ಆ ಕೆಲಸ ಮಾಡಿಕೊಡುವುದಿಲ್ಲ. ಎರಡನೆಯದು ಕ್ಷಯದ ದಾಯಾದಿ ಮೈಕೋಬ್ಯಾಕ್ಟೀರಿಯಾಗಳು. ಲ್ಯಾಪರೋಸ್ಕೋಪಿ ಆಪರೇಷನ್ ಆಗಿ, ಹೊಲಿಗೆ ಒಣಗಿ, ಕೆಲವು ವಾರಗಳ ಮೇಲೆ ಹೊಕ್ಕುಳ ಪಕ್ಕದ ತೂತಿನ ಜಾಗದಲ್ಲಿ ಗಂಟೆದ್ದು ನೀರು ಸೋರಲು ಶುರುವಾದರೆ ಅದು ಕ್ಷಯಕ್ಕಿಂತ ಇವುಗಳ ಕೆಲಸವೇ ಇರುವ ಸಾಧ್ಯತೆ ಹೆಚ್ಚು. ಸಲಕರಣೆಗಳನ್ನು ನಲ್ಲಿನೀರಲ್ಲಿ ತೊಳೆದದ್ದು, ಸ್ಟೆರಿಲೈಸ್ ಸರಿಯಾಗಿ ಆಗದ್ದು ಇದಕ್ಕೆ ಮೂಲ. ಇಂಜೆಕ್ಷನ್ ಕೊಟ್ಟ ಜಾಗದ ಕೀವುಗಂಟುಗಳಲ್ಲೂ ಇದೇ ಕತೆ. ಈ ಗುಂಪಿನ ಕೆಲವು ಒಂದು ವಾರದೊಳಗೇ ಕಲ್ಚರ್‌ನಲ್ಲಿ ಬೆಳೆದುಬಿಡುತ್ತವೆ, ಮತ್ತು ಕ್ಷಯದ ಮಾಮೂಲಿ ಮಾತ್ರೆಗಳಿಗೆ ಬಗ್ಗುವುದಿಲ್ಲ. ಅವುಗಳಿಗೆ ಕ್ಲಾರಿಥ್ರೋಮೈಸಿನ್, ಅಮಿಕಾಸಿನ್‌ನಂಥ ಬೇರೆ ಔಷಧಿಗಳು. ಮೀನಿನ ತೊಟ್ಟಿ ಸಾಕುವವರ ಕೈಬೆರಳಿನ ಗಂಟಾದರೆ ಮೈಕೋಬ್ಯಾಕ್ಟೀರಿಯಂ ಮಾರಿನಮ್ ನೆನಪಿರಲಿ. ಅದು 30 ಡಿಗ್ರಿಯ ತಂಪಿನಲ್ಲಿ ಬೆಳೆಯುವಂಥದ್ದು, ಹಾಗೆಂದು ಲ್ಯಾಬಿಗೆ ಮೊದಲೇ ಹೇಳಬೇಕು.

ಸಿಬಿನಾಟ್ ಜೊತೆ ಕಲ್ಚರ್ ಕೂಡ ಕಳಿಸಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

9. ಕೈಯಲ್ಲಿ ಕಟ್ಟಿದ ಪಿಸಿಆರ್‌ನ ಪಾಸಿಟಿವ್ ಬಗ್ಗೆ ಎಚ್ಚರ

ಕಾರ್ಟ್ರಿಜ್ ಮುಚ್ಚಿದ ಪೆಟ್ಟಿಗೆ. ಲ್ಯಾಬ್‌ಗಳು ತಾವೇ ಕಟ್ಟಿಕೊಂಡ, ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್‌ನಲ್ಲಿ ಮೊದಲ ಸುತ್ತಿನ ಕೋಟಿಗಟ್ಟಲೆ ಪ್ರತಿಗಳಿರುವ ಟ್ಯೂಬನ್ನು ತೆರೆಯಲೇಬೇಕು. ಅದರ ಒಂದು ಹನಿ ಪಕ್ಕದ ಟ್ಯೂಬಿಗೆ ಬಿದ್ದರೆ ಕ್ಷಯವಿಲ್ಲದವರೂ ಕ್ಷಯರೋಗಿ. ಅದಕ್ಕೇ ಬೇರೆ ಬೇರೆ ಕೋಣೆಗಳು, ಒಂದೇ ದಿಕ್ಕಿನ ನಡಿಗೆ, ಪ್ರತಿ ಸುತ್ತಿಗೂ ನೀರಿನ ಕಂಟ್ರೋಲ್ ಇರಲೇಬೇಕು. ಆ ಕಂಟ್ರೋಲ್ ಪಾಸಿಟಿವ್ ಬಂದ ದಿನ ಇಡೀ ಸುತ್ತಿನ ರಿಪೋರ್ಟ್ ತಡೆಹಿಡಿಯುವ ಧೈರ್ಯ ಲ್ಯಾಬಿಗೆ ಬೇಕು.

10. ಚರ್ಮದಲ್ಲಿ ಸಿಕ್ಕರೆ ಒಳಗೂ ಹುಡುಕಿ, ಮನೆಯಲ್ಲೂ ಹುಡುಕಿ

ಎದೆಯ ಎಕ್ಸ್‌ರೇ, ಕಫ, ಎಚ್‌ಐವಿ, ಸಕ್ಕರೆ ಪರೀಕ್ಷೆ ತಪ್ಪಿಸುವಂತಿಲ್ಲ. ಮಗುವಿನಲ್ಲಿ ಕ್ಷಯ ಸಿಕ್ಕಿತೆಂದರೆ ಅದಕ್ಕೆ ಸೋಂಕು ಕೊಟ್ಟ ದೊಡ್ಡವರೊಬ್ಬರು ಹತ್ತಿರದಲ್ಲೇ ಇದ್ದಾರೆ ಎಂದೇ ತಿಳಿಯಬೇಕು. ಕುತ್ತಿಗೆ ಗಂಟಿನ ಆ ಹುಡುಗನ ತಾಯಿಯನ್ನು ಮನೆಯಲ್ಲಿ ಯಾರಿಗಾದರೂ ಕೆಮ್ಮು ಇದೆಯೇ ಎಂದು ಕೇಳಿದಾಗ, 'ಇಲ್ಲ ಮೇಡಂ' ಎಂದವರು ಸ್ವಲ್ಪ ಹೊತ್ತು ಬಿಟ್ಟು, 'ತಾತಂದು ಬೀಡಿ ಕೆಮ್ಮು, ಅದು ಮೊದ್ಲಿಂದಾನೂ ಇರೋದೇ' ಎಂದರು. ತಾತನ ಕಫ ತರಿಸಿದೆವು. ಪಾಸಿಟಿವ್. ಹುಡುಗ ದಿನಾ ಮಲಗುತ್ತಿದ್ದದ್ದು ತಾತನ ಪಕ್ಕದಲ್ಲಿ. ಇಬ್ಬರಿಗೂ ಒಂದೇ ವಾರ ಚಿಕಿತ್ಸೆ ಶುರುವಾಯಿತು, ಹುಡುಗನ ಪುಟ್ಟ ತಂಗಿಗೆ ಕ್ಷಯ ಬಾರದಂತೆ ತಡೆಯುವ ಮಾತ್ರೆ ಕೊಟ್ಟರು.

ಕ್ಷಯರೋಗಿಯ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ, ಖಾಸಗಿ ವೈದ್ಯರಿಗೂ. ಚರ್ಮದ ಕ್ಷಯವೂ ಅದರಲ್ಲಿ ಸೇರುತ್ತದೆ. ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ಸೇರಿದರೆ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ. 2024ರ ನವೆಂಬರ್‌ಗೆ ಮೊದಲು ಅದು 500 ಇತ್ತು. ಕೂಲಿ ಬಿಟ್ಟು ಆಸ್ಪತ್ರೆಗೆ ಬರುವವರಿಗೆ ಆ ಹಣ ದೊಡ್ಡದು.

11. ಚಿಕಿತ್ಸೆ ಮುಗಿದಾಗ ಪಿಸಿಆರ್ ಕೇಳಬೇಡಿ

ಸತ್ತ ರೋಗಾಣುವಿನ ಡಿಎನ್‌ಎ ಅಂಗಾಂಶದಲ್ಲಿ ಬಹಳ ಕಾಲ ಉಳಿಯುತ್ತದೆ, ಯಂತ್ರಕ್ಕೆ ಸತ್ತದ್ದು ಬದುಕಿದ್ದು ಗೊತ್ತಾಗುವುದಿಲ್ಲ. ಚಿಕಿತ್ಸೆಯೆಂದರೆ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ. ಪ್ರತಿ ಭೇಟಿಯಲ್ಲೂ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಫೋಟೋ ಮತ್ತು ರೋಗಿಯ ತೂಕ, ಇವೇ ಚಿಕಿತ್ಸೆ ಫಲಿಸುತ್ತಿದೆಯೇ ಎಂದು ಹೇಳುತ್ತವೆ. ಗುಣವಾಗುತ್ತಿದ್ದ ಗಾಯ ಮತ್ತೆ ಕೆಂಪಾದರೆ ಹೊಸ ಚೂರು ತೆಗೆದು, ಕಲ್ಚರ್ ಮತ್ತು ಔಷಧಿ ಬಗ್ಗುವಿಕೆಯ ಪರೀಕ್ಷೆಗೆಂದು ಫಾರ್ಮ್‌ನಲ್ಲಿ ಬಿಡಿಸಿ ಬರೆದು, ಸಲೈನ್‌ನಲ್ಲಿ ನಮಗೆ ಕಳಿಸಿ.